ಸರ್ಕಾರಿ ನೌಕರರ ಹೃದಯ ಕೊರೆಸುವ ಕಾಮಗಾರಿ ಕುರಿತು

ಕೊಳವೆಬಾವಿ ವಿಭಾಗ ಕಚೇರಿ, ರಾಯಚೂರು
ಸಂಖ್ಯೆ: ಕೊ.ಬಾ./ಹೃದಯ/37/1989-90
ದಿನಾಂಕ: 28-12-1989

ಸುತ್ತೋಲೆ

ವಿಷಯ: ಸುಣ್ಣಗಟ್ಟಿದ ಹೃದಯದ ರಕ್ತನಾಳವನ್ನು ಪೂರ್ವಾನುಮತಿಯಿಲ್ಲದೆ ಕೊರೆಸಿಕೊಳ್ಳುವುದನ್ನು ನಿರ್ಬಂಧಿಸುವ ಬಗ್ಗೆ.

ಉಲ್ಲೇಖ: 1) ರಿಗ್ ಚಾಲಕ ಶ್ರೀ ಉರುಕುಂದಪ್ಪ ಇವರ ರಜೆ ಅರ್ಜಿ, ದಿ. 3-10-1989.
2) ಇವರ ಪತ್ನಿ ಶ್ರೀಮತಿ ಶೇಖಮ್ಮ ಇವರು ಕಚೇರಿ ಮೆಟ್ಟಿಲ ಮೇಲೆ ಕುಳಿತು ಆಡಿದ ಮಾತುಗಳು (ಲಿಖಿತವಲ್ಲ).

ಪೀಠಿಕೆ: ಶ್ರೀ ಉರುಕುಂದಪ್ಪ ಇವರು ಕೊರೆಯುವ ಯಂತ್ರವಾದ ರಿಗ್ ನಡೆಸುತ್ತ ಇಪ್ಪತ್ತೆರಡು ವರ್ಷ ಈ ಜಿಲ್ಲೆಯ ಬಂಡೆಗಳೊಂದಿಗೆ ಗುದ್ದಾಡಿದವರು. ಈಚೆಗೆ ಸದರಿಯವರಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದೆ ಹಿಂಡಿ, ಬೆವರು ಕಿತ್ತುಬರತೊಡಗಿತು. ಹೈದರಾಬಾದಿನ ವೈದ್ಯರು ತೊಡೆಯ ಸಂದಿನಿಂದ ತೆಳು ಕೊಳವೆ ತೂರಿಸಿ, ಹೃದಯದ ನಾಳದಲ್ಲಿ ಬಲೂನು ಉಬ್ಬಿಸಿ ನೋಡಲಾಗಿ, ನಾಳ ಸುಣ್ಣಗಟ್ಟಿ ಕಲ್ಲಾಗಿದ್ದರಿಂದ ಬಲೂನೇ ಒಡೆಯಿತು. ಡಿಸೆಂಬರ್ 4ರಂದು ಪರದೇಶದ ವೈದ್ಯರೊಬ್ಬರು ಮದ್ರಾಸಿಗೆ ಹೊಸ ಯಂತ್ರ ತರುತ್ತಾರೆಂದೂ, ಅದರ ತುದಿಯಲ್ಲಿ ಜೋಳದ ಕಾಳಿನ ಅರ್ಧದಷ್ಟು, ವಜ್ರದ ಪುಡಿ ಮೆತ್ತಿದ ಕೊರೆಮೊನೆ (ಬಿಟ್) ಇದ್ದು, ನಿಮಿಷಕ್ಕೆ ಲಕ್ಷದ ಮೇಲೆ ಸುತ್ತು ತಿರುಗಿ ಸುಣ್ಣ ಅರೆಯುತ್ತದೆಂದೂ, ಆ ಒಂದು ದಿನ ತಪ್ಪಿದರೆ ಕೈಮೀರುತ್ತದೆಂದೂ ಹೈದರಾಬಾದಿನ ವೈದ್ಯರೇ ತಿಳಿಸಿದರು. ಉರುಕುಂದಪ್ಪ ಇವರು ರಜೆ ಕೋರಿದರು. ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ:

1. ವಜ್ರದ ಬಿಟ್, ಸುತ್ತು, ಗಟ್ಟಿ ಕಲ್ಲು ಮೂರೂ ಇರುವುದರಿಂದ ಸದರಿ ಚಿಕಿತ್ಸೆಯನ್ನು ಕೊಳವೆಬಾವಿಯೆಂದೇ ಪರಿಗಣಿಸಿ, ಅರ್ಜಿಯನ್ನು ರಜೆ ಶಾಖೆಯಿಂದ ಕೊರೆತ ಶಾಖೆಗೆ ವರ್ಗಾಯಿಸಲಾಗಿದೆ.

2. ಕೊರೆಯುವ ಮುನ್ನ ಭೂವಿಜ್ಞಾನಿಗಳು ಎದೆಯ ಮೇಲೆ ಬಿಂದು ಗುರುತಿಸತಕ್ಕದ್ದು. ಹುದ್ದೆ ಖಾಲಿ ಇರುವಲ್ಲಿ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರಿಂದ ಎದೆ ನೋಡಿಸತಕ್ಕದ್ದು. ನೀರಿದ್ದಲ್ಲಿ ನೆಟ್ಟಗೆ ನಿಲ್ಲುವ ಕಾಯಿ ಉರುಕುಂದಪ್ಪ ಇವರ ಎದೆಯ ಹತ್ತಿರ ನಿಲ್ಲಲಿಲ್ಲ. ಕಾಯಿ ಹಿಡಿದವರಿಗೇ ನಗು ಬಂದಿದ್ದೇ ಕಾರಣವೆಂದು ವರದಿಯಾಗಿದೆ.

3. ತೊಡೆಯಲ್ಲಿ ಆರಂಭಿಸಿ ಎದೆಯಲ್ಲಿ ಕೊರೆಯುವುದು ಕಾಮಗಾರಿ ಸ್ಥಳದ ಬದಲಾವಣೆಯಾಗಿದ್ದು, ಪರಿಷ್ಕೃತ ನಕ್ಷೆ ಸಲ್ಲಿಸತಕ್ಕದ್ದು. ನಕ್ಷೆಯಲ್ಲಿ ಹೊಕ್ಕುಳನ್ನು ಗಡಿಕಲ್ಲೆಂದು ತೋರಿಸುವುದು.

4. ಸದರಿಯವರ ರಿಗ್ ದೇವದುರ್ಗದಲ್ಲಿದ್ದು, ಸಂಬಳ ಮಾನ್ವಿಯಲ್ಲಿ ಆಗುವುದರಿಂದ, ಹೃದಯ ಯಾವ ತಾಲ್ಲೂಕಿಗೆ ಸೇರಿದ್ದೆಂಬ ಬಗ್ಗೆ ಕಡತ ಐದು ಬಾರಿ ಹೋಗಿ ಬಂದಿದೆ. ಟಪಾಲು ಜವಾನರು ಸಿಗದ ಕಾರಣ ಕಡತವನ್ನು ಸದರಿಯವರ ಕೈಯಲ್ಲೇ ಕಳುಹಿಸಲಾಯಿತು. ಬಸ್ ನಿಲ್ದಾಣದಿಂದ ಕಚೇರಿಯವರೆಗೆ ಮೂರು ಕಡೆ ಕಟ್ಟೆಯ ಮೇಲೆ ಕೂತು ಎದೆ ತಿಕ್ಕಿಕೊಂಡರು. ಭಯವಾಗಿತ್ತೆಂದು ಕಡತದಲ್ಲಿ ನಮೂದಿಲ್ಲ. ಭಯವಾಗಿತ್ತು.

5. ಕೊರೆಯುವಾಗ ಚಾಲಕನು ರಿಗ್ಗಿನ ಪಕ್ಕದಲ್ಲೇ ನಿಂತು ಲಾಗ್ ಪುಸ್ತಕ ಬರೆಯಬೇಕೆಂಬ ನಿಯಮವು ಚಾಲಕನನ್ನೇ ಕೊರೆಯುವ ಸಂದರ್ಭಕ್ಕೂ ಅನ್ವಯಿಸುತ್ತದೆ.

6. ನಾಳದ ಸುಣ್ಣ ಎಲೆ-ಅಡಿಕೆಯಿಂದಲೇ ಬಂದಿದೆಯೆಂದು ಈ ಕಚೇರಿ ನಿರ್ಧರಿಸಿದ್ದು, ವೈದ್ಯರ ಅಭಿಪ್ರಾಯ ಕೇಳಿರುವುದಿಲ್ಲ. ನೌಕರರು ಸುಣ್ಣ ಹಚ್ಚಿದ ಎಲೆ ಹಾಕುವುದನ್ನು ನಿಷೇಧಿಸಲಾಗಿದೆ. ಇದು ಅಧಿಕಾರಿಗಳ ಬಾಯಿಗೆ ಅನ್ವಯಿಸುವುದಿಲ್ಲ.

7. ಡಿಸೆಂಬರ್ 1ರಂದು ಶ್ರೀಮತಿ ಶೇಖಮ್ಮ ಇವರಿಗೆ ಗುಮಾಸ್ತ ಶರಣಯ್ಯ ಇವರು, "ಯವ್ವಾ, ಸಾಹೇಬರು ಕ್ಯಾಂಪಿಗಿ ಹೋಗ್ಯಾರ, ಮುಂದಿನ ವಾರ ಬರ್ರಿ" ಎಂದು ನಿಯಮಾನುಸಾರ ತಿಳಿಸಿದರು. ಅದಕ್ಕೆ ಸದರಿ ಮಹಿಳೆಯು, "ಮುಂದಿನ ವಾರದ ತನಕ ನಿಲ್ಲಬ್ಯಾಡ ಅಂತ ನಮ್ಮ ಮನಿಯವರ ಎದಿಗೆ ಯಾರು ಹೇಳಬೇಕ್ರೀ? ನೀವ ಒಂದು ಆರ್ಡರ್ ಬರದು ಕೊಡ್ರಿ, ಎದಿ ಮ್ಯಾಲ ಅಂಟಸ್ತೀನಿ" ಎಂದಿರುತ್ತಾರೆ. ಅಂಥ ಆದೇಶದ ನಮೂನೆ ಲಭ್ಯವಿರಲಿಲ್ಲ. ಸದರಿ ಮಹಿಳೆಯು ಮರುದಿನವೇ ಗಂಡನನ್ನು ರಾಯಚೂರು ಸ್ಟೇಷನ್ನಿನಲ್ಲಿ ಮದ್ರಾಸ್ ರೈಲು ಹತ್ತಿಸಿಕೊಂಡು ಹೋಗಿದ್ದಾರೆ.

8. ನಿನ್ನೆ ಕೆಲಸಕ್ಕೆ ಹಾಜರಾದ ಉರುಕುಂದಪ್ಪ ಇವರನ್ನು ವಿಚಾರಿಸಲಾಗಿ, "ಎಚ್ಚರಾನ ಇದ್ದೆ ರೀ. ಯಂತ್ರ ಮೊದಲು ಕೀರಾಕತ್ತಿತ್ತು, ಆಮ್ಯಾಲ ಸದ್ದು ಹಗುರಾತು. ಡಾಕ್ಟರು ಹೇಳೂಕಿಂತ ಮುಂಚೇನ ನನಗ ಗೊತ್ತಾತು, ಕಲ್ಲು ದಾಟ್ಯಾದ ಅಂತ. ಅಳು ಬಂತು ನೋಡ್ರಿ" ಎಂದು ಹೇಳಿಕೆ ನೀಡಿದ್ದಾರೆ. ಲಾಗ್ ಪುಸ್ತಕದಲ್ಲಿ ಬರೆಯದ ಕಾರಣ ಕಲ್ಲು ದಾಟಿರುವುದನ್ನು ಒಪ್ಪಲು ಬರುವುದಿಲ್ಲ.

9. ಸದರಿಯವರು ಈ ಕಚೇರಿಯ ಅನುಮತಿಯಿಲ್ಲದೆ ಬದುಕಿ ಬಂದಿರುವುದು ಸ್ಪಷ್ಟವಿದ್ದು, ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಘಟನೋತ್ತರ ಮಂಜೂರಾತಿ ದೊರೆಯುವವರೆಗೆ ಸದರಿಯವರು ಜೀವಂತವಿರುವುದನ್ನು ತಾತ್ಕಾಲಿಕವೆಂದು ಪರಿಗಣಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
(ಓದಲು ಬರುವುದಿಲ್ಲ)
ವಿಭಾಗಾಧಿಕಾರಿಗಳ ಪರವಾಗಿ

ಪ್ರತಿಗಳು:
1. ದೇವದುರ್ಗ ಶಾಖೆಗೆ, ಮಾನ್ವಿಗೆ ಕಳುಹಿಸಲು.
2. ಮಾನ್ವಿ ಶಾಖೆಗೆ, ದೇವದುರ್ಗಕ್ಕೆ ಹಿಂದಿರುಗಿಸಲು.
3. ಮದ್ರಾಸಿನ ವೈದ್ಯರಿಗೆ, ಕನ್ನಡ ಕಲಿತ ನಂತರ ಸೂಕ್ತ ಕ್ರಮಕ್ಕಾಗಿ.
4. ಶ್ರೀ ಉರುಕುಂದಪ್ಪ, ರಿಗ್ ಚಾಲಕರು, ಇವರಿಗೆ. (ಷರಾ: ಮನೆಯಲ್ಲಿ ಸಿಗಲಿಲ್ಲ. ಕೆಲಸಕ್ಕೆ ಹೋಗಿದ್ದಾರೆ.)