ಅಪರೆಂಟ್ಲಿಯೋ, ಎವಿಡೆಂಟ್ಲಿಯೋ?

ಗಂಡ: ಅಪರೆಂಟ್ಲಿ ಅಂತ ಹಾಕು. ಇದಕ್ಕೆ ಅದಕ್ಕಿಂತ ಒಳ್ಳೆ ಪದ ಇಂಗ್ಲಿಷಲ್ಲೇ ಇಲ್ಲ.

ಹೆಂಡತಿ: ಬೇಡ ರೀ. ಅಪರೆಂಟ್ಲಿ ಅಂದ್ರೆ ಅರ್ಧ ಒಪ್ಪಿಕೊಂಡ ಹಾಗಾಯ್ತು. ನಾನು ಸೀಮಿಂಗ್ಲಿ ಹಾಕ್ತೀನಿ.

ಗಂಡ: ಹಾಕು ಹಾಕು. 'ನೀವು ಹೇಳ್ತೀರಿ, ನಾವು ನಂಬಲ್ಲ' ಅಂತ ಮೂಗು ಮುರಿದ ಹಾಗಿರುತ್ತೆ.

ಅತ್ತೆ: ಏನ್ರೋ ಅದು ಬೆಳಿಗ್ಗೆ ಬೆಳಿಗ್ಗೆ ಲೀ ಲೀ ಅಂತ? ಮಗು ಒಂದು ಗುಟುಕು ಹಾಲು ಕುಡಿಯೋದು ಬೇಡ್ವಾ?

ಜಗಳಕ್ಕೆ ಕಾರಣವಾದ ಹಾಳೆ ಮೇಜಿನ ಮೇಲೆ ಸಾಧುವಿನಂತೆ ಬಿದ್ದಿತ್ತು. ಶಿಶುವಿಹಾರದವರು ನಿನ್ನೆ ಸಂಜೆ ಮಗುವಿನ ಚೀಲದಲ್ಲಿ ಮಡಚಿಟ್ಟು ಕಳಿಸಿದ್ದು. ಮೇಲೆ 'ಕಚ್ಚಿದ ಘಟನೆ' ಎಂಬ ತಲೆಬರಹ. ಕೆಳಗೆ, ತಂದೆತಾಯಿ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಬರೆಯಲು ಖಾಲಿ ಗೆರೆ. ಜೊತೆಗೆ ಫೋನಿಗೆ ಒಂದು ಫೋಟೋ: ದುಂಡನೆಯ ಪುಟ್ಟ ತೋಳು, ಅದರ ಮೇಲೆ ಕೆಂಪಗೆ ಹಲ್ಲಿನ ಗುರುತು. ಯಾರು ಯಾರನ್ನು ಕಚ್ಚಿದರು ಎಂದು ಅಲ್ಲಿಯವರು ಹೇಳುವುದಿಲ್ಲ. ಹೇಳಿದರೆ ಅಮ್ಮಂದಿರು ಗೇಟಿನ ಹತ್ತಿರವೇ ಕಚ್ಚಾಡುತ್ತಾರೆಂದು ಹಾಗೊಂದು ನಿಯಮ.

ಹೇಳಬೇಕಾದ ಅಗತ್ಯವಾದರೂ ಏನಿತ್ತು? ಹೋದ ತಿಂಗಳು, ರೂಢಿಯಾಗಲೆಂದು ಶಿಶುವಿಹಾರಕ್ಕೆ ಸೇರಿಸಿದ ಹೊಸತರಲ್ಲೇ, ಇವರ ಹದಿಮೂರು ತಿಂಗಳ ಇಲಿಮರಿ ಪಕ್ಕದ ತೊಟ್ಟಿಲಿನ ಹುಡುಗನ ಹೆಬ್ಬೆರಳನ್ನು ರುಚಿ ನೋಡಿದ್ದಳು. ಎರಡನೇ ಸಲವಾದರೆ ಹದಿನೈದು ದಿನ ಮಗುವನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಹೆಂಡತಿಗೋ, ಹೆರಿಗೆಗೆಂದು ಬಿಟ್ಟಿದ್ದ ಹಲ್ಲಿನ ಆಸ್ಪತ್ರೆಯ ಕೆಲಸಕ್ಕೆ ಮರಳುವ ದಿನ ಇವತ್ತೇ. 'ಇವತ್ತು ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ' ಎಂದು ಡಾಕ್ಟರಮ್ಮ ಹೇಳಿಯಾಗಿತ್ತು. ಗಂಡನಿಗೆ ದಿನವಿಡೀ ತಿರುಗಾಟ. ಅತ್ತೆಗೆ ಹತ್ತು ಗಂಟೆಗೆ ತಮ್ಮದೇ ಹೊಲಿಗೆ ಅಂಗಡಿ.

ಗಂಡ: ನೋಡು, ನಮ್ಮ ಕೆಲಸದಲ್ಲಿ ಇದು ತುಂಬಾ ಸರಳ.

ಅವನು ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವಿಮೆಯವರಿಗೆ ವರದಿ ಬರೆಯುವವನು. 'ನಮ್ಮ ಕೆಲಸದಲ್ಲಿ' ಎಂದು ಅವನು ಬಾಯಿ ತೆರೆದರೆ ಹೆಂಡತಿ ಮನಸ್ಸಿನಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು.

ಗಂಡ: ಕಣ್ಣಾರೆ ಕಂಡ್ರೆ ಎವಿಡೆಂಟ್ಲಿ. ಇನ್ನೊಬ್ಬರು ಹೇಳಿ ಗೊತ್ತಾದ್ರೆ ಅಪರೆಂಟ್ಲಿ. ಹಾಗೆ ಕಾಣುತ್ತೆ, ಆದ್ರೆ ಒಳಗೇನೋ ಅನುಮಾನ ಅಂದ್ರೆ ಸೀಮಿಂಗ್ಲಿ.

ಹೆಂಡತಿ: ಮಗು ಗಾಡಿ ಅಲ್ಲ ರೀ.

ಗಂಡ: ಗಾಡಿ ಅಂದ್ನಾ ನಾನು? ಗುದ್ದಿದ ಗಾಡಿ ಯಾವುದು ಅಂತ ಗೊತ್ತಾಗೋವರೆಗೂ...

ಹೆಂಡತಿ: ಈಗ ಅಂದ್ರಲ್ಲ!

ಅತ್ತೆ: 'ಕಚ್ಚಿದಳಂತೆ' ಅಂತ ಬರೆದು ಕೈ ತೊಳ್ಕೊಳ್ಳಿ. ನಮ್ಮ 'ಅಂತೆ'ಗೆ ಏನು ರೋಗ ಬಂದಿದೆ?

ಗಂಡ: ಅಮ್ಮಾ, ನಾನು ಹೇಳ್ತಿರೋ ಅಪರೆಂಟ್ಲಿನೂ ಅದೇ.

ಅತ್ತೆ: ಹಾಗಾದ್ರೆ ಅರ್ಧ ಗಂಟೆ ಸುತ್ತಿ ನನ್ನ ಮಾತಿಗೇ ಬಂದಿಯಲ್ಲೋ. ಮೊದಲೇ ಕೇಳಿದ್ರೆ ಗಂಟು ಹೋಗ್ತಿತ್ತಾ?

ಹೆಂಡತಿ: ಅತ್ತೆ, ಇವರ ಅಪರೆಂಟ್ಲಿ ನಂಗೆ ಹೊಸದಲ್ಲ. ಮದುವೆಗೆ ಮುಂಚೆ ನಂಗೆ ಕಳಿಸಿದ ಮೊದಲನೇ ಮೆಸೇಜ್ ಏನು ಗೊತ್ತಾ? 'ಅಪರೆಂಟ್ಲಿ ನೀವು ನನಗೆ ಇಷ್ಟ ಆಗಿದ್ದೀರಿ.'

ಗಂಡ: ಆಗಿನ್ನೂ ಸಾಕ್ಷಿ ಸಾಲದಾಗಿತ್ತು.

ಹೆಂಡತಿ: ಈಗ?

ಗಂಡ: ಈಗ ಎವಿಡೆಂಟ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ.

ಅವಳು ನಗು ನುಂಗಿಕೊಂಡು ಪೆನ್ನು ಎತ್ತಿದಳು. ಸೀಮಿಂಗ್ಲಿಯ ಮೊದಲಕ್ಷರ ಬರೆಯುವ ಮುನ್ನ, ಯಾಕೋ ಏನೋ, ಫೋನಿನಲ್ಲಿದ್ದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು. ಮೇಲೆ ನಾಲ್ಕು ಗುರುತು. ಕೆಳಗೆ ಎರಡು. ಮೇಲಿನ ನಡುಹಲ್ಲುಗಳ ಮಧ್ಯೆ ಅಕ್ಕಿಕಾಳು ತೂರುವಷ್ಟು ಸಂದು. ಆ ಹಲ್ಲುಗಳ ಸಾಲನ್ನು ಗುರುತಿಸಲು ಅವಳಿಗೆ ಆಸ್ಪತ್ರೆಯ ಅನುಭವವೇನೂ ಬೇಕಿರಲಿಲ್ಲ. ಹಾಲು ಕುಡಿಸಿದ ಮೈಗೇ ಅದು ಚೆನ್ನಾಗಿ ಗೊತ್ತಿತ್ತು.

ಹೆಂಡತಿ: ಇವಳೇ ರೀ. ಅನುಮಾನವೇ ಇಲ್ಲ. ಎವಿಡೆಂಟ್ಲಿ ಅಂತಲೇ ಬರೀತೀನಿ.

ಗಂಡ: ಏಯ್, ತಾಳು ತಾಳು! ಸೀಮಿಂಗ್ಲಿ ಇರ್ಲಿ ಬಿಡು. ಅದೂ ಅಂಥ ಕೆಟ್ಟ ಪದ ಏನಲ್ಲ.

ಹೆಂಡತಿ: ಈಗ ತಾನೇ ಮೂಗು ಮುರಿದ ಹಾಗಿರುತ್ತೆ ಅಂದ್ರಿ?

ಗಂಡ: ಮುರಿದ್ರೆ ಮುರೀಲಿ, ನಿನ್ನ ಕೆಲಸ ಉಳಿಯುತ್ತಲ್ಲ. ಆ ಸಮವಸ್ತ್ರಾನ ನೀನು ನಿನ್ನೆ ಎರಡು ಸಲ ಇಸ್ತ್ರಿ ಮಾಡಿದೆ. ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ?

ಅವಳು ಪೆನ್ನನ್ನು ಅವನ ಕೈಗೆ ಸಿಗದಂತೆ ಹಿಂದಕ್ಕೆ ಹಿಡಿದಳು.

ಹೆಂಡತಿ: ಈ ಫೋಟೋದ ಮಗೂಗೂ ಒಬ್ಬ ತಾಯಿ ಇರ್ತಾಳೆ ರೀ. ನಿನ್ನೆ ಈ ತೋಳು ನೋಡಿ ಅವಳ ಹೊಟ್ಟೆ ಎಷ್ಟು ಉರೀತೋ ಏನೋ. ಅವಳ ಮುಂದೆ ನಾನು ಸೀಮಿಂಗ್ಲಿ ಅಂತ ಜಾರಿಕೊಳ್ಳಲಾ? ಡಾಕ್ಟರಮ್ಮಂಗೆ ಫೋನ್ ಮಾಡಿ ಬರಲ್ಲ ಅಂತೀನಿ.

ಅವಳು ಫೋನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಇಲಿಮರಿ ಹಾಲಿನ ಲೋಟಕ್ಕೆ ಕೈ ಬೀಸಿದಳು. ಹಾಲೆಲ್ಲಾ ಉದ್ದ ತೋಳಿನ ಅಂಗಿಯ ಮೇಲೆ. ನಿನ್ನೆ ಶಿಶುವಿಹಾರದವರು ತೊಡಿಸಿ ಕಳಿಸಿದ್ದ ಅಂಗಿ ಅದು. ಗಂಡ ಕರೆತರುವಾಗಲೇ ಮಗು ನಿದ್ದೆ ಹೋಗಿದ್ದರಿಂದ ಹಾಗೆಯೇ ಮಲಗಿಸಿದ್ದರು.

ಅತ್ತೆ: ಆಯ್ತು, ಅಭಿಷೇಕ ಆಯ್ತು! ತೋಳು ಬಿಡೇ ಕಳ್ಳಿ, ಅಂಗಿ ಬಿಚ್ತೀನಿ... ಲೇ, ಇಬ್ಬರೂ ಇಲ್ಲಿ ಬನ್ನಿ.

ಗಂಡ: ಒಂದು ನಿಮಿಷ ಅಮ್ಮಾ, ವಾಕ್ಯ ಮುಗೀಲಿ.

ಅತ್ತೆ: ನಿನ್ನ ವಾಕ್ಯಕ್ಕಿಷ್ಟು! ಬಂದು ಈ ತೋಳು ನೋಡು.

ಬಂದು ನೋಡಿದರು. ಮೊಣಕೈಯಿಂದ ಎರಡು ಬೆರಳು ಕೆಳಗೆ ಗುರುತು. ಮೇಲೆ ನಾಲ್ಕು, ಕೆಳಗೆ ಎರಡು. ಪಕ್ಕದಲ್ಲಿ ಎಳ್ಳಿನಷ್ಟು ಮಚ್ಚೆ. ಹೆಂಡತಿ ಫೋನನ್ನು ತೋಳಿನ ಪಕ್ಕ ಹಿಡಿದಳು. ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಮಚ್ಚೆ.

ಗಂಡ: ಅಂದ್ರೆ... ಕಚ್ಚಿಸಿಕೊಂಡವಳು ಇವಳಾ? ಕಚ್ಚಿದ್ದು?

ಹೆಂಡತಿ: ಅದೂ ಇವಳೇ.

ಅವಳು ಮಗುವಿನ ತುಟಿ ಸರಿಸಿ ಬೆರಳು ಆಡಿಸಿದಳು. ಹಿಂದಿನ ವಸಡು ಊದಿತ್ತು. ಅದರಲ್ಲಿ ಒಂದು ಬಿಳಿ ಮೊನೆ. ದವಡೆ ಹಲ್ಲು. ನೋವು ತಡೆಯಲಾರದೆ ಬಾಯಿಗೆ ಸಿಕ್ಕಿದ ತನ್ನ ತೋಳನ್ನೇ ಕಡಿದುಕೊಂಡಿತ್ತು ಕೂಸು. ಆ ಇನ್ನೊಬ್ಬ ತಾಯಿಯೂ ತಾನೇ ಎಂದು ಹೊಳೆದು, ಅವಳು ಆ ಕೆಂಪು ಗುರುತಿಗೆ ಮುತ್ತಿಟ್ಟಳು.

ಅತ್ತೆ: ಗಾಡಿ ನೋಡೋನು ಒಬ್ಬ, ಹಲ್ಲು ನೋಡೋಳು ಒಬ್ಬಳು. ಮಗೂನ ನೋಡೋಕೆ ದರ್ಜಿ ಬರಬೇಕಾಯ್ತು.

ಅತ್ತೆ ಒಣ ಅಂಗಿ ತೊಡಿಸಿದರು. ಹೆಂಡತಿ ಹಾಳೆಯ ಮೇಲೆ ಒಂದೇ ಉಸಿರಿಗೆ ಒಂದು ವಾಕ್ಯ ಗೀಚಿ ಮಡಚಿಟ್ಟಳು.

ಗಂಡ: ತೋರಿಸು ತೋರಿಸು. ಯಾವ ಪದ ಹಾಕ್ದೆ?

ಹೆಂಡತಿ: ಯಾವುದೂ ಇಲ್ಲ. 'ಹಲ್ಲು ಬರುತ್ತಿದೆ, ತನ್ನನ್ನೇ ಕಚ್ಚಿಕೊಂಡಿದ್ದಾಳೆ' ಅಂತ ಬರೆದೆ.

ಗಂಡ: ಹಾಗೆ ಖಡಾಖಂಡಿತ ಬರೆದ್ರೆ ಹೇಗೆ? ಆ ಹಲ್ಲನ್ನ ನಾನಿನ್ನೂ ಕಣ್ಣಾರೆ ನೋಡೇ ಇಲ್ಲ. ಎಲ್ಲಿ ಪುಟ್ಟಾ, ಆ ಅನ್ನು, ಆ... ಅಯ್ಯಯ್ಯೋ! ಬಿಡೇ! ಬಿಡು!

ಹೆಂಡತಿ ಚೀಲ ಹೆಗಲಿಗೇರಿಸಿ, ಮಗುವನ್ನು ಸೊಂಟಕ್ಕೇರಿಸಿ, ಬಾಗಿಲಲ್ಲಿ ಒಮ್ಮೆ ತಿರುಗಿದಳು.

ಹೆಂಡತಿ: ಬೆರಳಿನ ಫೋಟೋ ತೆಗೆದಿಟ್ಕೊಳ್ಳಿ ರೀ. ಸಂಜೆ ನಾನು ಕೆಲಸದಿಂದ ಬಂದ್ಮೇಲೆ ಒಳ್ಳೆ ಪದ ಹುಡುಕೋಣ.