ಇಟಲಿಯ ಮಹಾರಾಜರು ಚಹಾ ಹಂಚಿದ್ದು

ಇಟಲಿಯ ಒಪೆರಾ ಬಗ್ಗೆ ಡೊಂಬಿವಲಿಯ ಕನ್ನಡಿಗರಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ಜಂಬದ ಮಾತಲ್ಲ. ಉಳಿದವರಿಗೆ ಏನೂ ತಿಳಿದಿರಲಿಲ್ಲ. ನನಗೆ ಎರಡು ಪುಟದಷ್ಟು ತಿಳಿದಿತ್ತು!

ಇದಕ್ಕೆಲ್ಲ ಮೂಲ ನಮ್ಮ ಆಫೀಸಿನ ಮ್ಯಾನೇಜರ್ ದಸ್ತೂರ್ ಸಾಹೇಬರು. ಒಂದು ದಿನ ನಾನು ಫೈಲು ಹುಡುಕುತ್ತ ಏನೋ ಗುನುಗುತ್ತಿದ್ದದ್ದನ್ನು ಕೇಳಿ, "ನಿಮಗೆ ಸಂಗೀತ ಇಷ್ಟವೇ? ಒಪೆರಾ ನೋಡುತ್ತೀರಾ?" ಎಂದರು. ಸಾಹೇಬರು ಏನು ಕೇಳಿದರೂ "ಯೆಸ್ ಸರ್" ಎನ್ನುವುದು ನನ್ನ ಹದಿನಾಲ್ಕು ವರ್ಷದ ಅಭ್ಯಾಸ. ಅವರು ಬಹಳ ಹಳೆಯದೊಂದು ಇಟಾಲಿಯನ್ ಒಪೆರಾದ ಹೆಸರು ಹೇಳಿ, "ಇದನ್ನು ನೋಡಿದ್ದೀರಾ?" ಎಂದರು. "ಯೆಸ್ ಸರ್." "ಎಷ್ಟು ಸಲ?" ಈ ಪ್ರಶ್ನೆಗೆ ಯೆಸ್ ಸರ್ ಎನ್ನಲು ಬರುವಂತಿರಲಿಲ್ಲ. "ಮೂರು ಸಲ" ಎಂದುಬಿಟ್ಟೆ.

ಮುಂದಿನ ಶುಕ್ರವಾರ ಸಾಯಂಕಾಲ ಅವರು ನನ್ನ ಕೈಗೆ ಒಂದು ವೀಡಿಯೋ ಕ್ಯಾಸೆಟ್ ಇಟ್ಟರು. ಲಂಡನ್ನಿನ ನೆಂಟರು ಕಳಿಸಿದ್ದಂತೆ. ಅದೇ ಒಪೆರಾ. ಅದರ ಬಗ್ಗೆ ಅವರು ಬಹಳ ಉತ್ಸಾಹದಿಂದ ಏನೇನೋ ವಿವರಿಸಿದರು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಕಲ್ಯಾಣ್ ಫಾಸ್ಟ್ ಲೋಕಲ್ ರೈಲು ತಪ್ಪಿದರೆ ಮುಂದಿನದು ಸ್ಲೋ, ಅದರಲ್ಲಿ ಮುಂಬ್ರಾ ತನಕ ಒಂದೇ ಕಾಲಿನ ಮೇಲೆ ನಿಲ್ಲಬೇಕು. "ಸೋಮವಾರ ನಿಮ್ಮ ಅಭಿಪ್ರಾಯ ಹೇಳಬೇಕು" ಎಂಬುದೊಂದೇ ಕಿವಿಗೆ ಬಿತ್ತು. "ಯೆಸ್ ಸರ್" ಎಂದವನೇ ಓಡಿದೆ.

ಮನೆಯಲ್ಲಿ ನಮಗೆ ಟಿವಿಯೇ ಇರಲಿಲ್ಲ. ಎರಡನೇ ಮಹಡಿಯ ಶೆಟ್ಟರ ಮನೆಯಲ್ಲಿ ಬಣ್ಣದ ಟಿವಿ, ಅವರ ಭಾವ ದುಬೈಯಿಂದ ತಂದ ವಿಸಿಆರ್, ಫೋನು ಎಲ್ಲವೂ ಇದ್ದವು. ಸ್ಟೇಷನ್ ಹತ್ತಿರ ಹೋಟೆಲು ನಡೆಸುವ ಶೆಟ್ಟರು ನಮ್ಮ ಕನ್ನಡ ಸಂಘದ ಅಧ್ಯಕ್ಷರು. ನಾನು ಸಾಂಸ್ಕೃತಿಕ ಕಾರ್ಯದರ್ಶಿ.

"ಒಬ್ಬರೇ ಎಂತ ನೋಡುವುದು ಮಾರಾಯ್ರೆ? ಸಂಘದವರನ್ನೆಲ್ಲ ಕರೆಯುವ. ನೀವು ನಿಂತು ಅರ್ಥ ಹೇಳಿ" ಎಂದರು ಶೆಟ್ಟರು.

ಕಾರ್ಯದರ್ಶಿಯಾಗಿ ಎಂಟು ತಿಂಗಳಾದರೂ ನಾನು ಒಂದು ಕಾರ್ಯಕ್ರಮವನ್ನೂ ಮಾಡಿರಲಿಲ್ಲ. ಸದಸ್ಯರು ಗೊಣಗುವುದಕ್ಕೆ ಶುರುಮಾಡಿದ್ದರು. ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಕ್ಕೀತು? ಶನಿವಾರ ಊಟದ ಬಿಡುವಿನಲ್ಲಿ ಆಫೀಸಿನ ಹತ್ತಿರದ ಲೈಬ್ರರಿಗೆ ಹೋಗಿ, ದಪ್ಪ ಪುಸ್ತಕವೊಂದರಲ್ಲಿ ಆ ಒಪೆರಾದ ಕಥೆ ಇದ್ದ ಎರಡು ಪುಟಗಳನ್ನು ಓದಿ ಬರೆದುಕೊಂಡೆ. ಅರಮನೆ, ಮಹಾರಾಜ, ರಾಜಕುಮಾರ, ಅವನು ಮೆಚ್ಚಿದ ಬಡ ದರ್ಜಿ ಹುಡುಗಿ, ದುಷ್ಟ ಮಂತ್ರಿ, ಕಾಡಿನಲ್ಲಿ ಬೇಟೆ, ಕೊನೆಗೆ ವಿಷ. ಇಷ್ಟೇ! ಸಂಘದ ಹಲಗೆಯ ಮೇಲೆ ನನ್ನ ಕೈಯಿಂದಲೇ ಬರೆದೆ: "ಇಟಲಿ ದೇಶದ ಸುಪ್ರಸಿದ್ಧ ಸಂಗೀತ ನಾಟಕ. ಕನ್ನಡ ವ್ಯಾಖ್ಯಾನ: ಸಾಂಸ್ಕೃತಿಕ ಕಾರ್ಯದರ್ಶಿಗಳಿಂದ."

"ನಿಮಗ ಇಟಾಲಿಯನ್ ಯಾವಾಗ ಬಂತ್ರೀ?" ಎಂದಳು ನನ್ನ ಹೆಂಡತಿ ಸುಮಿತ್ರಾ.

"ಸಂಗೀತಕ್ಕ ಭಾಷಾ ಬೇಕಾಗೂದಿಲ್ಲ. ನಿನಗ ಇವೆಲ್ಲ ತಿಳಿಯೂದಿಲ್ಲ ಬಿಡು."

ಬಾಗಲಕೋಟೆಯಿಂದ ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅತ್ತೆ ಗಂಗಾಬಾಯಿಯವರು ಕೇಳಿದರು: "ಅಳಿಯಂದ್ರ, ನಾನೂ ಬರ್ಲೇನು? ಸಣ್ಣಾಕಿ ಇದ್ದಾಗ ನಮ್ಮ ಮನಿ ಹಿಂದನ ಕಂಪನಿ ನಾಟಕದ ಟೆಂಟ್ ಹಾಕ್ತಿದ್ರು."

"ಇದು ಅಂಥಾದ್ದಲ್ರಿ, ತಿಳಿಯೂದು ಭಾಳ ಬಿರಿ ಇರ್ತದ. ಆದ್ರೂ ಬರ್ರಿ" ಎಂದು ಉದಾರವಾಗಿ ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಶೆಟ್ಟರ ಹಾಲಿನಲ್ಲಿ ಮೂವತ್ತು ಜನ. ಚಪ್ಪಲಿಗಳು ಮೆಟ್ಟಿಲಿಳಿದು ಮೊದಲ ಮಹಡಿ ಮುಟ್ಟಿದ್ದವು. ಗಂಡಸರ ಎದುರು ಕೂರಲು ನಾಚಿ ಅತ್ತೆಯವರು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡರು. ನಾನು ಬಟ್ಟೆ ಒಣಹಾಕುವ ಕೋಲು ಹಿಡಿದು ಟಿವಿಯ ಪಕ್ಕದಲ್ಲಿ ನಿಂತೆ. ಪಿಟೀಲುಗಳ ಮೊಳಗು ಮುಗಿದು ಪರದೆ ಸರಿಯಿತು.

"ಇದು ಅರಮನೆ!" ಎಂದೆ.

ರಂಗದ ಮೇಲೆ ಸಾಲು ಸಾಲು ಸ್ಟೀಲ್ ಮೇಜುಗಳು, ಟೈಪ್‌ರೈಟರುಗಳು, ಒಂದು ಫೈಲು ಕಪಾಟು, ಗೋಡೆಗೊಂದು ಕ್ಯಾಲೆಂಡರು.

"ನಮ್ಮ ಫೋರ್ಟ್ ಆಫೀಸ್ ಕಂಡಂಗ ಕಾಣ್ತದಲ್ರಿ" ಎಂದಿತು ಹಿಂದಿನಿಂದ ಒಂದು ದನಿ.

"ಹೊರದೇಶದ ಅರಮನೆ ಹಿಂಗ ಇರ್ತಾವ" ಎಂದೆ. ಅಷ್ಟರಲ್ಲಿ ಬಲಗಡೆಯಿಂದ ಒಬ್ಬ ಗಂಭೀರವಾಗಿ ಹಾಡುತ್ತ ಬಂದ. ಬರೆದುಕೊಂಡ ಚೀಟಿಯಲ್ಲಿ ಮೊದಲು ಬರುವವನು ಮಹಾರಾಜ. "ಮಹಾರಾಜರ ಪ್ರವೇಶ!" ಎಂದು ಘೋಷಿಸಿದೆ. ಮಹಾರಾಜರು ಖಾಕಿ ಅಂಗಿ ತೊಟ್ಟಿದ್ದರು. ಗಾಲಿಯ ಟೇಬಲ್ಲು ತಳ್ಳಿಕೊಂಡು ಬಂದು ಎಲ್ಲರಿಗೂ ಚಹಾ ಹಂಚಿದರು!

"ಭಾರೀ ಪ್ರಜಾಪ್ರೇಮಿ ಅರಸ" ಎಂದು ಸಂಭಾಳಿಸಿದೆ.

"ನಮ್ಮ ಹೋಟೆಲಿಗೆ ಇಂಥ ಇಬ್ಬರು ಅರಸರು ಬೇಕಿತ್ತು ಮಾರಾಯ್ರೆ" ಎಂದರು ಶೆಟ್ಟರು. ಸಭೆ ನಕ್ಕಿತು.

ಬಳಿಕ ಬರಬೇಕಾದದ್ದು ಕಾಡಿನ ಬೇಟೆ. ಬಂದದ್ದು ಕೊಡೆ ಹಿಡಿದ ಹನ್ನೆರಡು ಗುಮಾಸ್ತರು. ಕಪಾಟುಗಳ ಮಧ್ಯೆ ಓಡಾಡಿದರು. ನಾನು "ಬೇಟೆ" ಎಂದೆ. "ಪ್ರಾಣಿ ಎಲ್ಲಿ?" ಎಂದರು ಯಾರೋ. "ಹದಿನೆಂಟು ವರ್ಷದ ದರ್ಜಿ ಹುಡುಗಿ" ಎಂದು ಕೋಲು ತೋರಿಸಿದ ಕಡೆ, ನಮ್ಮ ಸುಮಿತ್ರಾಳ ಎರಡರಷ್ಟಿದ್ದ ಹೆಂಗಸೊಬ್ಬಳು ಟೈಪ್ ಹೊಡೆಯುತ್ತ ಹಾಡುತ್ತಿದ್ದಳು. ನನಗೆ ಬೆವರಿಳಿಯಿತು. ಆಗ ತಲೆಯಲ್ಲಿ ಬೆಳಕಾಯಿತು. ಸಾಹೇಬರು ಕ್ಯಾಸೆಟ್ ತಪ್ಪಿ ಕೊಟ್ಟಿದ್ದಾರೆ!

"ಮಹನೀಯರೇ ಮಹಿಳೆಯರೇ, ಒಂದು ಸಣ್ಣ ತಾಂತ್ರಿಕ ದೋಷ" ಎಂದು ಗುಂಡಿಯೊತ್ತಿ ಚಿತ್ರವನ್ನು ತಡೆದು, ಶೆಟ್ಟರ ಫೋನಿನಿಂದ ಸಾಹೇಬರ ಮನೆಗೆ ಫೋನು ಮಾಡಿದೆ. ಫೋನು ಇದ್ದದ್ದು ಅದೇ ಹಾಲಿನಲ್ಲಿ. ಆಗಿನ ಲೈನಿನಲ್ಲಿ ಕೂಗದಿದ್ದರೆ ಆ ಕಡೆ ಕೇಳುತ್ತಿರಲಿಲ್ಲ. ಮೂವತ್ತು ಜನ ಉಸಿರು ಬಿಗಿಹಿಡಿದು ಕೂತರು. ಇಂಗ್ಲಿಷ್ ಬರುವವರು ಬಾರದವರಿಗೆ ತರ್ಜುಮೆ ಮಾಡತೊಡಗಿದರು.

"ಸರ್, ನೀವು ಕೊಟ್ಟದ್ದು ತಪ್ಪು ಕ್ಯಾಸೆಟ್ ಸರ್! ಯಾವುದೋ ಆಫೀಸಿನದು ಸರ್!... ಅದೇನಾ ಸರ್?... ಹಳೆಯ ಕಥೆಯನ್ನೇ ಆಫೀಸಿಗೆ ತಂದ ಹೊಸ ರೀತಿಯ ರಂಗಪ್ರಯೋಗವೇ ಸರ್?... ಶುಕ್ರವಾರ ಹೇಳಿದ್ದಿರಾ ಸರ್?... ಅವನು ರಾಜನಲ್ಲವೇ ಸರ್? ಪ್ಯೂನಾ ಸರ್?... ಟೈಪಿಸ್ಟೇ ದರ್ಜಿ ಹುಡುಗಿಯಾ ಸರ್?... ಹಾಡು ಕೇಳಿ ಗುರುತು ಸಿಗಬೇಕಿತ್ತು, ನಿಜ ಸರ್... ಹೌದು ಸರ್, ಮೂರು ಸಲ ನೋಡಿದ್ದೇನೆ ಅಂದಿದ್ದೆ ಸರ್..."

ಫೋನು ಇಟ್ಟು ತಿರುಗುವಷ್ಟರಲ್ಲಿ ನಿಂತ ಚಿತ್ರ ತಾನಾಗಿಯೇ ಓಡಲು ಶುರುವಾಗಿತ್ತು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಿವಿ ಅಡಿಗೆಮನೆಯ ಬಾಗಿಲ ಕಡೆಗಿತ್ತು.

"ಆಕಿ ಮಾಲಕನ ಮಗನ್ನ ಮೆಚ್ಯಾಳ" ಎನ್ನುತ್ತಿದ್ದರು ಅತ್ತೆ. "ಆ ಕರೇ ಕನ್ನಡಕದಾವ ಇದ್ದಾನಲ್ಲ, ಅವನ ಖೊಟ್ಟಿ ಮನಷ್ಯಾ. ಇಬ್ಬರನ್ನೂ ಅಗಲಸ್ತಾನ ನೋಡ್ರಿ."

"ನಿಮಗೆ ಹೇಗೆ ಗೊತ್ತಾಯ್ತು ಅಮ್ಮ?" ಎಂದರು ಶೆಟ್ಟರು.

"ದನಿ ಕೇಳ್ರಿ. ಮಗಾ ಮ್ಯಾಲಿನ ಸ್ವರದಾಗ ಹಾಡ್ತಾನ. ಇವ ಮಂದ್ರದಾಗ ಸುಳಿದಾಡ್ತಾನ. ನಮ್ಮ ಕಂಪನಿಯೊಳಗೂ ಖಳನಾಯಕನ ದನಿ ಹಿಂಗ ಇರ್ತಿತ್ತು."

ಐದು ನಿಮಿಷದಲ್ಲಿ ಕನ್ನಡಕದವನು ಸುಳ್ಳು ಕಾಗದವೊಂದನ್ನು ಸೃಷ್ಟಿಸಿ ಇಬ್ಬರನ್ನೂ ಅಗಲಿಸಿದ! ಎರಡು ಪುಟ ಓದಿದ ನನಗೆ ಇನ್ನೂ ಸ್ಟೀಲ್ ಮೇಜುಗಳೇ ಕಾಣುತ್ತಿದ್ದವು.

ಆದರೂ ನನ್ನ ಹತ್ತಿರ ಒಂದು ಅಸ್ತ್ರ ಉಳಿದಿತ್ತು. ಕೊನೆ ಏನೆಂದು ಗೊತ್ತಿದ್ದವನು ನಾನೊಬ್ಬನೇ. ಆಕೆ ಕಾಗದದ ಲೋಟದಲ್ಲಿ ಏನನ್ನೋ ಕುಡಿದ ಕೂಡಲೇ ಮುಂದೆ ನುಗ್ಗಿ, "ವಿಷ! ಈಗ ಸತ್ತಳು!" ಎಂದೆ. ಆಕೆ ಸಾಯಲಿಲ್ಲ, ಹಾಡಿದಳು. ಕುರ್ಚಿಯ ಮೇಲೆ ಕುಸಿದಳು. "ಈಗ ಸತ್ತಳು!" ಎದ್ದು ಮತ್ತೆ ಹಾಡಿದಳು. ನೆಲಕ್ಕೆ ಬಿದ್ದಳು. "ಇದೇ ಕೊನೆ!" ಎಂದೆ. ಮೊಣಕೈ ಊರಿ ಇನ್ನೂ ಮೇಲಿನ ಸ್ವರ ಹಿಡಿದಳು.

"ಎಷ್ಟು ಸಲ ಕೊಲ್ತೀರಿ ಮಾರಾಯ್ರೆ, ಪಾಪದವಳನ್ನು?" ಎಂದರು ಶೆಟ್ಟರು.

"ಸುಮ್ನಿರ್ರಿ ಅಳಿಯಂದ್ರ" ಎಂದರು ಅತ್ತೆ, ಮೆಲ್ಲಗೆ. "ಆಕಿ ಹೇಳೂದು ಇನ್ನಾ ಮುಗದಿಲ್ಲ."

ನಾನು ಕೋಲು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತೆ. ಆಗ ಮೊದಲ ಬಾರಿಗೆ ಹಾಡು ಕೇಳಿಸಿತು. ಒಂದಕ್ಷರ ತಿಳಿಯಲಿಲ್ಲ. ಆದರೂ ಚೀಟಿ ಮಡಚಿ ಜೇಬಿಗಿಟ್ಟು ಕೇಳುತ್ತ ಕೂತೆ. ಸುತ್ತ ನೋಡಿದರೆ ಅತ್ತೆ ಸೆರಗು ಕಣ್ಣಿಗೊತ್ತಿಕೊಂಡಿದ್ದರು. ಶೆಟ್ಟರು ಕನ್ನಡಕ ತೆಗೆದು ಒರೆಸುತ್ತಿದ್ದರು. ಪರದೆ ಬಿದ್ದ ಮೇಲೂ ಯಾರೂ ಚಪ್ಪಲಿ ಹುಡುಕಲು ಏಳಲಿಲ್ಲ.

ಸೋಮವಾರ ಸಾಹೇಬರ ಎದುರು ನಿಂತು ನಿಜವನ್ನೆಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಅತ್ತೆಯವರು ಹೇಳಿದ ಮಂದ್ರದ ವಿಷಯ ಕೇಳಿ ಮೇಜು ತಟ್ಟಿ ನಕ್ಕು, ಇನ್ನೊಂದು ಕ್ಯಾಸೆಟ್ ಕೊಟ್ಟರು. "ಇದು ನಿಮ್ಮ ಅತ್ತೆಯವರಿಗೆ. ನಿಮಗೂ ನೋಡಬೇಕೆನಿಸಿದರೆ ಅವರ ಅನುಮತಿ ಕೇಳಿ."

ಮುಂದಿನ ಸಭೆಯಲ್ಲಿ ಕಾರ್ಯಕ್ರಮದ ವರದಿಯನ್ನು ಸಂಘದ ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕಾಯಿತು. ಬರೆಯುವುದು ಕಾರ್ಯದರ್ಶಿಯ ಕೆಲಸ. ಶೆಟ್ಟರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ.

"ವ್ಯಾಖ್ಯಾನ: ಶ್ರೀಮತಿ ಗಂಗಾಬಾಯಿಯವರು. ಬರೆದಿರಾ? ಸಭಿಕರು ತುಂಬ ಮೆಚ್ಚಿದರು. ಹಾಂ, ಇನ್ನೊಂದು ಸಾಲು: ಆರಂಭದಲ್ಲಿ ಸ್ವಲ್ಪ ಅಡಚಣೆ ಉಂಟಾಯಿತು."

"ಯಾವ ಅಡಚಣೆ ಅಂತ ಬರೀಲಿ?" ಎಂದೆ.

"ಅದಕ್ಕೆ ಎಂತ ಹೆಚ್ಚು ಬರೆಯುವುದು? ಕೆಳಗೆ ನಿಮ್ಮ ಸಹಿ ಹಾಕಿ, ಸಾಕು" ಎಂದರು.

ಹಾಕಿದೆ.