ತಲೆಯಿಲ್ಲದ ಎಂಟು ಫೋಟೋ

ಕಾತ್ಯಾಯಿನಿ: ಫೋಟೋ ಕವರು ಎಲ್ಲಿ? ನಮ್ಮದಲ್ಲ ಅಂತ ವಾಪಸ್ ಕೊಟ್ಟು ಬಂದ್ರಾ?

ರಾಮಪ್ರಸಾದ: ಕೊಟ್ಟೆ. ಸ್ಟುಡಿಯೋ ಗಂಗಾಧರಯ್ಯ ಕವರು ಬದಲಾಯಿಸಿಬಿಟ್ಟಿದ್ದ ಕಣೇ. ಬಿಚ್ಚಿ ನೋಡಿದ್ರೆ ಯಾವ ಹೆಂಗಸಿಂದೋ ಹೊಟ್ಟೆ. ಮರ್ಯಾದಸ್ಥರ ಮನೇದಲ್ಲ ಇದು ಅಂತ ಚೆನ್ನಾಗಿ ಬೈದೆ.

ಕಾತ್ಯಾಯಿನಿ: ಅದು ನನ್ನ ಹೊಟ್ಟೆ.

ಜಯನಗರ ಎರಡನೇ ಬ್ಲಾಕಿನ ವರಾಂಡದಲ್ಲಿ ರಾಮಪ್ರಸಾದರು ಚಪ್ಪಲಿ ಬಿಡುತ್ತಿದ್ದರು. ಒಂದು ಬಿಟ್ಟದ್ದಾಗಿತ್ತು, ಇನ್ನೊಂದು ಕಾಲಲ್ಲೇ ಉಳಿಯಿತು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ನೋಡಿ ಇದು ಅವರದೇ, ಇದು ಅಲ್ಲ ಎಂದು ಹೇಳುವುದೇ ಇಪ್ಪತ್ತು ವರ್ಷದಿಂದ ಈ ಮಹಾಶಯರ ಕೆಲಸ.

ರಾಮಪ್ರಸಾದ: ನಿನ್ನ ಹೊಟ್ಟೆಗೆ ಫೋಟೋದಲ್ಲಿ ಏನು ಕೆಲಸ?

ಕಾತ್ಯಾಯಿನಿ: ನಾನೇ ತೆಗೆದೆ. ನನ್ನ ತಮ್ಮ ಬಿಟ್ಟುಹೋದ ಡಬ್ಬ ಕ್ಯಾಮೆರಾನ ಹಿತ್ತಲ ಒರಳಿನ ಮೇಲಿಟ್ಟೆ. ಒತ್ತೋ ಕಡ್ಡಿಗೆ ಹೂವು ಕಟ್ಟೋ ದಾರ ಬಿಗಿದು ಕಾಲ್ಬೆರಳಲ್ಲಿ ಎಳೆದೆ. ಎಂಟು ಫೋಟೋ.

ರಾಮಪ್ರಸಾದ: ಒಂದರಲ್ಲೂ ತಲೆ ಇಲ್ವಲ್ಲೇ. ತಲೆ ಇಲ್ಲದೆ ಹೆಂಡತೀನ ಹೇಗೆ ಗುರುತು ಹಿಡೀಲಿ?

ಕಾತ್ಯಾಯಿನಿ: ಒರಳು ಗಿಡ್ಡ. ಆಮೇಲೆ ಅನ್ನಿಸ್ತು, ತಲೆ ಯಾಕೆ ಬೇಕು ಅಂತ. ನಲವತ್ತೊಂದನೇ ಇಸವೀಲಿ ಹೆಣ್ಣು ತೋರಿಸೋಕೆ ಅಂತ ನಿಮ್ಮ ಮನೆಗೆ ಕಳಿಸಿದ ಫೋಟೋದಲ್ಲಿ ತಲೆ ಇತ್ತು. ತಲೆ ನನ್ನದು, ಓಲೆ ಅಕ್ಕಂದು, ಸೀರೆ ಅತ್ತಿಗೇದು. ಮದುವೆ ಫೋಟೋದಲ್ಲಿ ನೆಲ ನೋಡ್ತಾ ಇದೀನಿ. ಇನ್ನೊಂದು ಬೇಕಾಗೋದು ಹಾರ ಹಾಕೋಕೆ. ಮಧ್ಯೆ ಮೂರು ಹೆತ್ತ ಹೊಟ್ಟೆ, ಲಾಡಿ ಬಿಗಿದು ಬಿಗಿದು ಕಪ್ಪಾದ ಸೊಂಟ, ಎಣ್ಣೆ ಸಿಡಿದ ಕೈ, ಇವೆಲ್ಲ ಯಾರವು? ಒಂದು ಸಲ ನಾನೇ ನೋಡ್ಕೋಬೇಕು ಅನ್ನಿಸ್ತು. ನನಗೆ ಬೇಕು ಅವು. ಹೋಗಿ ತನ್ನಿ.

ರಾಮಪ್ರಸಾದ: ಹೋಗಿ ಏನು ಹೇಳ್ಲಿ? ಇವು ನಮ್ಮವಲ್ಲ ಅಂತ ಅವನ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಬಂದಿದೀನಿ.

ಕಾತ್ಯಾಯಿನಿ: ಹೆಂಡತಿ ಹೊಟ್ಟೆ ಗೊತ್ತಾಗಲಿಲ್ಲ ಅನ್ನಿ.

ರಾಮಪ್ರಸಾದ: ಸಾಯಂಕಾಲದೊಳಗೆ ಗಾಂಧಿಬಜಾರಿಗೆಲ್ಲ ಗೊತ್ತಾಗತ್ತೆ. ಅಷ್ಟಕ್ಕೂ ಅದರಲ್ಲಿ ಒಂದಂತೂ ಖಂಡಿತ ನಿನ್ನದಲ್ಲ. ತಲೆಗೆ ನೀರು ಹಾಕ್ಕೊಂಡು, ತಲೆ ಕಾಣದ ಹಾಗೆ ಬಗ್ಗಿ ಕೂದಲು ಮುಂದಕ್ಕೆ ಬಿಟ್ಟು, ಬೆನ್ನು ತಿರುಗಿಸಿ ಕೂತಿದ್ಲು. ಕತ್ತಿನ ಕೆಳಗೆ ಎಡಗಡೆ ಎಳ್ಳಷ್ಟು ಮಚ್ಚೆ. ಅದರ ಪಕ್ಕ ಒಂದು ನೀರಿನ ಹನಿ.

ಕಾತ್ಯಾಯಿನಿ: ಎಷ್ಟು ಹೊತ್ತು ನೋಡಿದ್ರಿ?

ರಾಮಪ್ರಸಾದ: ನೋಡ್ಲಿಲ್ಲ. ಕಣ್ಣಿಗೆ ಬಿತ್ತು.

ಕಾತ್ಯಾಯಿನಿ: ಹನೀನೂ?

ರಾಮಪ್ರಸಾದರು ಎರಡನೆಯ ಚಪ್ಪಲಿಯನ್ನೂ ಬಿಟ್ಟರು. ಆಮೇಲೆ ಎರಡನ್ನೂ ಹಾಕಿಕೊಂಡರು.

ರಾಮಪ್ರಸಾದ: ಗಂಗಾಧರಯ್ಯ ಕೆಮ್ಮೋವರೆಗೂ ನೋಡಿದೆ. ಚೆನ್ನಾಗಿತ್ತು. ಪರಸ್ತ್ರೀ ಅಂತ ಹೆದರಿಯೇ ವಾಪಸ್ ಕೊಟ್ಟಿದ್ದು.

ಕಾತ್ಯಾಯಿನಿ ಜಡೆ ಸರಿಸಿ ಬೆನ್ನು ತಿರುಗಿಸಿ ನಿಂತರು. ರವಿಕೆಯ ಅಂಚಿನ ಮೇಲೆ, ಎಡಗಡೆ, ಎಳ್ಳಷ್ಟು ಮಚ್ಚೆ.

ರಾಮಪ್ರಸಾದ: ಇದು ಯಾವಾಗಿಂದ ಇದೆ?

ಕಾತ್ಯಾಯಿನಿ: ಹುಟ್ಟಿದಾಗಿಂದ. ನಿಮ್ಮ ಮದುವೆಗೂ ಬಂದಿತ್ತು.

ಆಕೆಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಆದರೆ ಗಂಡ ಇನ್ನೂ ಮಚ್ಚೆಯನ್ನೇ ನೋಡುತ್ತಿರುವುದು ಬೆನ್ನಿಗೆ ತಿಳಿದು ನಗುವೂ ಬಂತು.

ರಾಮಪ್ರಸಾದ: ಹೋಗಿ ತರ್ತೀನಿ. ಆ ಬೆನ್ನಿಂದು ಎರಡು ಕಾಪಿ ಹಾಕಿಸ್ತೀನಿ. ಒಂದು ನನ್ನ ಪಂಚಾಂಗದೊಳಗೆ ಇರ್ಲಿ.

ಕಾತ್ಯಾಯಿನಿ: ಏಕಾದಶಿ ಯಾವತ್ತು ಅಂತ ನಿಮ್ಮಮ್ಮ ತೆಗೆಯೋದು ಅದನ್ನೇ.

ರಾಮಪ್ರಸಾದ: ಹೌದಲ್ಲ. ಯಾರೋ ಇದು ಅಂತ ಅಮ್ಮ ಕೇಳಿದ್ರೆ?

ಕಾತ್ಯಾಯಿನಿ: ಗೊತ್ತಿಲ್ಲ ಅನ್ನಿ. ಅದು ನಿಮಗೆ ಚೆನ್ನಾಗಿ ಬರತ್ತೆ.